ಹಳೆಯ ಕಾರ್ ಎಂಜಿನ್‌ಗಳಲ್ಲಿ ಆಯಿಲ್ ಪಂಪ್ ಮತ್ತು ಬೇರಿಂಗ್ ದೋಷಗಳ ಪತ್ತೆ

ಆಯಿಲ್ ಪಂಪ್ ಎಂಬುದು ಎಂಜಿನ್ನಿನ ತಳದ ಸಂಪಿನಿಂದ ಎಣ್ಣೆ ಎಳೆದು ಕ್ರ್ಯಾಂಕ್ ಶಾಫ್ಟ್, ಕ್ಯಾಮ್ ಶಾಫ್ಟ್, ಟರ್ಬೊಗಳಿಗೆ ತಳ್ಳುವ ಸಾಧನ. ಆ ಎಣ್ಣೆಯ ತೆಳುಪೊರೆಯ ಮೇಲೆ, ಲೋಹಕ್ಕೆ ಲೋಹ ತಾಗದಂತೆ, ಕ್ರ್ಯಾಂಕ್ ಶಾಫ್ಟ್ ತಿರುಗುವ ಜಾಗ ಬೇರಿಂಗ್. ಎಂಜಿನ್‌ಗೆ ವಯಸ್ಸಾದಂತೆ ಎರಡೂ ಸವೆಯುತ್ತವೆ, ಆದರೆ ಒಂದೇ ಸಮ ಸವೆಯುವುದಿಲ್ಲ. ಪಂಪ್ ಸದಾ ಎಣ್ಣೆ ತುಂಬಿಕೊಂಡೇ ತಿರುಗುತ್ತದೆ, ಅದರ ಮೇಲಿನ ಹೊರೆಯೂ ಕಡಿಮೆ. ಬೇರಿಂಗಾದರೋ ಸಿಲಿಂಡರಿನೊಳಗಿನ ಪ್ರತಿ ಉರಿತದ ಪೆಟ್ಟನ್ನೂ ತಾಳಿಕೊಳ್ಳಬೇಕು. ಹೀಗಿದ್ದೂ ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ಹತ್ತಿದೊಡನೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು "ಪಂಪ್ ಹೋಗಿದೆ ಸಾರ್". ಹೊಸ ಪಂಪ್ ಹಾಕಿದ ಮೇಲೂ ದೀಪ ಆರದೆ ಕೊನೆಗೆ ಎಂಜಿನ್ನನ್ನೇ ಕೆಳಗಿಳಿಸಬೇಕಾಗಿ ಬರುವುದು ಅಪರೂಪವೇನಲ್ಲ. ಪತ್ತೆಯ ಕೆಲಸಕ್ಕೆ ಒಂದು ಕ್ರಮವಿದೆ: ಮೊದಲು ಎಣ್ಣೆ, ಆಮೇಲೆ ಒತ್ತಡದ ಅಳತೆ, ಆಮೇಲೆ ಶಬ್ದ, ಆಮೇಲೆ ಫಿಲ್ಟರಿನಲ್ಲಿ ಸಿಕ್ಕ ಚೂರು. ಸ್ಪ್ಯಾನರ್ ಕೈಗೆ ಬರಬೇಕಾದದ್ದು ಇವೆಲ್ಲ ಆದ ಮೇಲೆ.

ಒತ್ತಡ ಹುಟ್ಟುವುದು ಎಲ್ಲಿ

ಪಂಪಿನ ಕೆಲಸ ಎಣ್ಣೆಯನ್ನು ಹರಿಸುವುದು ಮಾತ್ರ. ಹರಿಯುವ ಎಣ್ಣೆಗೆ ಮುಂದೆ ಅಡ್ಡಿ ಸಿಕ್ಕಾಗ ಒತ್ತಡ ಹುಟ್ಟುತ್ತದೆ. ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ಚಿಮ್ಮುತ್ತದಲ್ಲ, ಎಂಜಿನ್ನಿನಲ್ಲಿ ಆ ಹೆಬ್ಬೆರಳಿನ ಕೆಲಸವನ್ನು ಬೇರಿಂಗಿನ ಸಂದು ಮಾಡುತ್ತದೆ. 50 ಮಿ.ಮೀ. ವ್ಯಾಸದ ಜರ್ನಲ್‌ಗೆ, ಅಂದರೆ ಶಾಫ್ಟಿನಲ್ಲಿ ಬೇರಿಂಗ್ ಕೂರುವ ನುಣುಪು ಭಾಗಕ್ಕೆ, ಹೊಸ ಎಂಜಿನ್ನಿನಲ್ಲಿ ಈ ಸಂದು ಸುಮಾರು 0.02ರಿಂದ 0.05 ಮಿ.ಮೀ. ಇರುತ್ತದೆ. ಹಳೆಯ ಮೆಕ್ಯಾನಿಕ್‌ಗಳ ಲೆಕ್ಕದಲ್ಲಿ ವ್ಯಾಸದ ಪ್ರತಿ ಇಂಚಿಗೆ ಒಂದು ಥೌ, ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ. 0.08 ಮಿ.ಮೀ. ಆಸುಪಾಸಿಗೆ ಬಂದರೆ ಅನೇಕ ಸಣ್ಣ ಎಂಜಿನ್‌ಗಳ ಕೈಪಿಡಿಗಳು ಬೇರಿಂಗಿನ ಶೆಲ್, ಅಂದರೆ ಜರ್ನಲ್ ಸುತ್ತ ಕೂರುವ ತೆಳು ಲೋಹದ ಬಳೆ, ಬದಲಿಸಿ ಎನ್ನುತ್ತವೆ.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಏಕೆ ಅಷ್ಟು ಮಹತ್ವ? ಸಂದಿನಿಂದ ಸೋರುವ ಎಣ್ಣೆಯ ಪ್ರಮಾಣ ಸಂದಿನ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. ಸಂದು ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟಾಗುತ್ತದೆ. ಕ್ರ್ಯಾಂಕ್ ಶಾಫ್ಟನ್ನು ಹೊತ್ತ ಐದು ಮೇನ್ ಬೇರಿಂಗ್, ಪಿಸ್ಟನ್ನಿನ ರಾಡ್ ಕ್ರ್ಯಾಂಕಿಗೆ ಸೇರುವಲ್ಲಿ ನಾಲ್ಕು ಬಿಗ್ ಎಂಡ್ ಬೇರಿಂಗ್ ಇರುವ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದೆರಡು ಸಂದು ಹೀಗೆ ಅಗಲವಾದರೂ ಸಾಕು, ಪಂಪ್ ಎಷ್ಟೇ ಚೆನ್ನಾಗಿದ್ದರೂ ಐಡಲ್‌ನಲ್ಲಿ ಒತ್ತಡ ನಿಲ್ಲುವುದಿಲ್ಲ. ಇದರ ಜೊತೆಗೆ ಎಣ್ಣೆಯ ಗಾಢತೆಯ ಲೆಕ್ಕ ಸೇರುತ್ತದೆ. ಸಾಮಾನ್ಯ 15W-40 ಎಣ್ಣೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವುದಕ್ಕಿಂತ 100 ಡಿಗ್ರಿಯಲ್ಲಿ ಹತ್ತಿರ ಹತ್ತಿರ ಏಳು ಪಟ್ಟು ತೆಳುವಾಗಿರುತ್ತದೆ. ಸೋರಿಕೆಯೂ ಅಷ್ಟೇ ಪಟ್ಟು ಹೆಚ್ಚುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸದ್ದಿಲ್ಲದ ಕಾರು ಮಧ್ಯಾಹ್ನ ಸಿಗ್ನಲ್‌ನಲ್ಲಿ ನಿಂತಾಗ ಆಯಿಲ್ ದೀಪ ಮಿನುಗಿಸುವುದಕ್ಕೆ ಇದೇ ಕಾರಣ.

ಬೇರಿಂಗಿನೊಳಗೆ ನಿಜವಾಗಿ ಏನು ನಡೆಯುತ್ತದೆಂದು ಮೊದಲು ಕಂಡವರು ಬ್ರಿಟನ್ನಿನ ಬೊಷಾಂಪ್ ಟವರ್. 1883ರಲ್ಲಿ ಅಲ್ಲಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಗಾಗಿ ರೈಲ್ವೆ ಅಚ್ಚಿನ ಬೇರಿಂಗುಗಳ ಮೇಲೆ ಅವರು ಪ್ರಯೋಗ ನಡೆಸುತ್ತಿದ್ದರು. ಎಣ್ಣೆ ಹಾಕಲೆಂದು ಬೇರಿಂಗಿನ ನೆತ್ತಿಗೆ ಕೊರೆದ ತೂತಿನಿಂದ, ಶಾಫ್ಟ್ ತಿರುಗುವಾಗ, ಎಣ್ಣೆ ಒಳಗೆ ಹೋಗುವ ಬದಲು ಮೇಲಕ್ಕೆ ಉಕ್ಕಿತು. ಬೆಣೆ ಬಡಿದರೆ ಬೆಣೆಯನ್ನೇ ಹೊರಗೆ ತಳ್ಳಿತು. ಅಲ್ಲಿ ಒತ್ತಡದ ಮೀಟರ್ ಕೂರಿಸಿದಾಗ ಮುಳ್ಳು ಚದರ ಇಂಚಿಗೆ 200 ಪೌಂಡ್ ದಾಟಿತು. ತಿರುಗುವ ಶಾಫ್ಟ್ ತಾನೇ ಎಣ್ಣೆಯನ್ನು ಬೆಣೆಯಾಕಾರದ ಸಂದಿಗೆ ಎಳೆದುಕೊಂಡು ತನ್ನನ್ನು ಎತ್ತಿ ನಿಲ್ಲಿಸಿಕೊಳ್ಳುತ್ತದೆ ಎಂಬುದು ಹೀಗೆ ಗೊತ್ತಾಯಿತು. ಅದರ ಗಣಿತವನ್ನು 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಕೊಟ್ಟರು. ಇಂದಿನ ಕಾರಿನ ಬಿಗ್ ಎಂಡ್‌ನಲ್ಲಿ ಈ ಪೊರೆಯ ಒತ್ತಡ ನೂರಾರು ಬಾರ್‌ಗೆ ಏರುತ್ತದೆ. ಪಂಪ್ ಕೊಡುವ ಮೂರು ನಾಲ್ಕು ಬಾರ್ ಅದರ ಮುಂದೆ ಏನೂ ಅಲ್ಲ. ಸೋರಿಹೋದ ಎಣ್ಣೆಯನ್ನು ತುಂಬಿಕೊಡುವುದು, ಶಾಖವನ್ನು ಹೊತ್ತೊಯ್ಯುವುದು, ಇವೆರಡು ಪಂಪಿನ ಪಾಲಿನ ಕೆಲಸ. ಆದ್ದರಿಂದ ಒತ್ತಡ ತುಸು ಇಳಿದ ಕ್ಷಣಕ್ಕೇ ಬೇರಿಂಗ್ ಸುಡುವುದಿಲ್ಲ. ಎಣ್ಣೆ ಬರುವುದೇ ನಿಂತರೆ ಮಾತ್ರ ಕೆಲವು ನಿಮಿಷಗಳಲ್ಲೇ ಎಲ್ಲ ಮುಗಿದುಹೋಗಬಹುದು.

ಪಂಪ್, ಸ್ಟ್ರೇನರ್, ರಿಲೀಫ್ ವಾಲ್ವ್

ಹಿಂದಿನ ವಿನ್ಯಾಸಗಳಲ್ಲಿ ಪಂಪ್ ಸಂಪಿನೊಳಗೆ ಇರುತ್ತಿತ್ತು. ಅಂಬಾಸಡರ್‌ನಲ್ಲಿ ಬಹುಕಾಲ ಬಂದ ಬಿಎಂಸಿ ಬಿ-ಸೀರೀಸ್ ಎಂಜಿನ್ನಿನಲ್ಲಿ ಕ್ಯಾಮ್ ಶಾಫ್ಟಿನ ಹಲ್ಲು ಅದನ್ನು ತಿರುಗಿಸುತ್ತಿತ್ತು. ಮಾರುತಿ 800ರಂಥ ಎಂಜಿನ್‌ಗಳ ಕಾಲಕ್ಕೆ ಪಂಪ್ ಎಂಜಿನ್ನಿನ ಮುಂಭಾಗಕ್ಕೆ ಬಂತು. ಒಂದರೊಳಗೊಂದು ಕೂತ ಎರಡು ಗೇರುಗಳನ್ನು ಕ್ರ್ಯಾಂಕ್ ಶಾಫ್ಟ್ ನೇರವಾಗಿ ತಿರುಗಿಸುತ್ತದೆ. ಹತ್ತಿಪ್ಪತ್ತು ವರ್ಷಗಳಿಂದೀಚೆಗೆ ಬಂದ ಅನೇಕ ಎಂಜಿನ್‌ಗಳಲ್ಲಿ ಬೇಕಾದಷ್ಟೇ ಎಣ್ಣೆ ತಳ್ಳುವ, ಕಂಪ್ಯೂಟರ್ ಹಿಡಿತದ ಪಂಪುಗಳಿವೆ. ಇವು ಇಂಧನ ಉಳಿಸಲೆಂದು ಒತ್ತಡವನ್ನು ಬೇಕೆಂದೇ ತಗ್ಗಿಸುತ್ತವೆ. ಹಳೆಯ ಕಾರಿನ ಅಂಕಿಗಳನ್ನು ಇಟ್ಟುಕೊಂಡು ಇಂಥ ಎಂಜಿನ್ ಅಳೆಯಹೊರಟರೆ ಇಲ್ಲದ ಕಾಯಿಲೆಯೇ ಕಾಣುತ್ತದೆ. ಅಲ್ಲಿ ಕಂಪನಿಯ ಕೈಪಿಡಿಯ ಅಂಕಿಯನ್ನಲ್ಲದೆ ಬೇರೆ ಯಾವುದನ್ನೂ ನಂಬಬಾರದು.

ಪಂಪಿಗೂ ಸಾವಿದೆ. ಗೇರಿನ ಬದಿ ಮತ್ತು ಮುಚ್ಚಳ ಒಂದನ್ನೊಂದು ಉಜ್ಜಿ ಸವೆಯುತ್ತವೆ, ಚೂರು ನುಂಗಿ ಗೀಚಿಕೊಳ್ಳುತ್ತವೆ, ತಿರುಗಿಸುವ ಶಾಫ್ಟೋ ಚೈನೋ ತುಂಡಾಗುತ್ತದೆ. ಬಿಚ್ಚಿದ ಪಂಪನ್ನು ಫೀಲರ್ ಗೇಜ್ ಮತ್ತು ನೇರ ಪಟ್ಟಿಯಿಂದ ಅಳೆಯುತ್ತಾರೆ. ಸಣ್ಣ ಎಂಜಿನ್‌ಗಳಲ್ಲಿ ಹೊರ ಗೇರು ಮತ್ತು ಗೂಡಿನ ನಡುವೆ ಸುಮಾರು 0.3 ಮಿ.ಮೀ., ಬದಿಯಲ್ಲಿ ಸುಮಾರು 0.15 ಮಿ.ಮೀ. ಮೀರಿದರೆ ಪಂಪ್ ಬದಲಿಸಬೇಕು. ಬದಿಯ ಅಂತರ ಹೆಚ್ಚು ಹಾನಿಕರ, ಏಕೆಂದರೆ ತಳ್ಳಿದ ಎಣ್ಣೆ ಅಲ್ಲಿಂದಲೇ ಹಿಂದಕ್ಕೆ ಜಾರುತ್ತದೆ.

ಆದರೆ ಪಂಪನ್ನು ದೂರುವ ಮೊದಲು ಅದರ ಆಚೀಚೆ ನೋಡಬೇಕು. ಒಂದು, ಸ್ಟ್ರೇನರ್. ಸಂಪಿನ ತಳದಲ್ಲಿ ಎಣ್ಣೆ ಹೀರುವ ಕೊಳವೆಯ ಬಾಯಿಗಿರುವ ಈ ಜಾಲರಿಗೆ ಎಣ್ಣೆ ಸುಟ್ಟು ಆದ ಜಿಗುಟು ಕರಿ, ಸೀಲಂಟಿನ ತುಣುಕು, ಪ್ಲಾಸ್ಟಿಕ್ ಚೈನ್ ಗೈಡಿನ ಚೂರು ಬಂದು ಅಂಟುತ್ತವೆ. ಗ್ಯಾಸ್ಕೆಟ್ ಬದಲು ಎರಡೂ ಕಡೆ ಸಿಲಿಕೋನ್ ಮೆತ್ತಿ ಸಂಪು ಕೂರಿಸುವ ಅಭ್ಯಾಸ ಇಲ್ಲಿ ನೇರ ಕೇಡು ಮಾಡುತ್ತದೆ. ಒಳಕ್ಕೆ ಉಬ್ಬಿದ ಅಂಟು ಒಣಗಿ ಕಿತ್ತುಬಂದು ಜಾಲರಿಯ ಮೇಲೆ ಕೂರುತ್ತದೆ. ಎರಡು, ಹೀರುಕೊಳವೆಯ ಓ-ರಿಂಗ್. ಇಪ್ಪತ್ತು ವರ್ಷದ ಬಿಸಿಗೆ ರಬ್ಬರ್ ಕಲ್ಲಿನಂತಾಗಿ ಅಲ್ಲಿಂದ ಗಾಳಿ ಸೇರುತ್ತದೆ, ಪಂಪ್ ಎಣ್ಣೆಯ ಬದಲು ನೊರೆ ತಳ್ಳುತ್ತದೆ. ಮೂರು, ರಿಲೀಫ್ ವಾಲ್ವ್. ಸಾಮಾನ್ಯವಾಗಿ ನಾಲ್ಕರಿಂದ ಆರು ಬಾರ್‌ಗೆ ತೆರೆದುಕೊಂಡು ಹೆಚ್ಚಾದ ಎಣ್ಣೆಯನ್ನು ಹಿಂದಕ್ಕೆ ಬಿಡುವ ಸ್ಪ್ರಿಂಗ್ ಇರುವ ಸಣ್ಣ ಪಿಸ್ಟನ್ ಇದು. ಒಂದು ಕೂದಲೆಳೆಯಷ್ಟು ಲೋಹದ ಚೂರು ಸಿಕ್ಕರೂ ತೆರೆದೇ ನಿಂತುಬಿಡುತ್ತದೆ. ಆಗ ಎಂಜಿನ್ ಎಷ್ಟೇ ವೇಗವಾಗಿ ತಿರುಗಲಿ, ಒತ್ತಡ ಏರುವುದಿಲ್ಲ. ಮುಚ್ಚಿ ನಿಂತರೆ ತಣ್ಣಗಿನ ಸ್ಟಾರ್ಟಿನಲ್ಲಿ ಒತ್ತಡ ಮಿತಿ ಮೀರಿ ಫಿಲ್ಟರಿನ ಡಬ್ಬಿ ಉಬ್ಬುತ್ತದೆ, ಒಮ್ಮೊಮ್ಮೆ ಒಡೆಯುತ್ತದೆ. ಇವು ಮೂರೂ ಪಂಪ್ ಬದಲಿಸದೆ ಸರಿಯಾಗುವ ದೋಷಗಳು.

ಎಣ್ಣೆ ನೋಡಿ, ಆಮೇಲೆ ಮೀಟರ್ ಹಾಕಿ

ಡಿಪ್‌ಸ್ಟಿಕ್ ಎಳೆದು ನೋಡುವುದು ಎಲ್ಲಕ್ಕಿಂತ ಮೊದಲ ಪರೀಕ್ಷೆ. ಎಣ್ಣೆ ಕಡಿಮೆಯಾಗಿ ತಿರುವಿನಲ್ಲಿ ದೀಪ ಮಿನುಗುವ ಕಾರುಗಳೇ ಬಹಳ. ಮಟ್ಟ ಹೆಚ್ಚಾಗಿದ್ದರೆ ಇನ್ನೂ ಎಚ್ಚರ ಬೇಕು: ಪೆಟ್ರೋಲ್ ಅಥವಾ ಡೀಸೆಲ್ ಸೇರಿ ಎಣ್ಣೆ ತೆಳುವಾಗಿರಬಹುದು, ವಾಸನೆಯಿಂದಲೇ ಗೊತ್ತಾಗುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಇದು ಹೆಚ್ಚು ಕಾಣುತ್ತದೆ. ಹೊಗೆಯ ಮಸಿ ಹಿಡಿಯುವ ಫಿಲ್ಟರನ್ನು ಸುಟ್ಟು ಶುಚಿ ಮಾಡಲು ಅನೇಕ ಎಂಜಿನ್‌ಗಳು ಸಿಲಿಂಡರಿಗೆ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ನಗರದೊಳಗೇ ಓಡುವ ಕಾರಿನಲ್ಲಿ ಆ ಕ್ರಿಯೆ ಅರ್ಧಕ್ಕೇ ನಿಂತು ಡೀಸೆಲ್ ಗೋಡೆಯ ಗುಂಟ ಸಂಪಿಗೆ ಇಳಿಯುತ್ತದೆ. ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಕೂಲಂಟ್ ಸೇರಿದೆ ಎಂದರ್ಥ. ಕೂಲಂಟಿನ ಗ್ಲೈಕಾಲ್ ಬೇರಿಂಗಿನ ಮೇಲ್ಪದರವನ್ನು ತಿನ್ನುತ್ತದೆ. ಆಗ ಒತ್ತಡದ ಪ್ರಶ್ನೆ ಬಿಟ್ಟು ಹೆಡ್ ಗ್ಯಾಸ್ಕೆಟ್, ಆಯಿಲ್ ಕೂಲರ್ ಕಡೆ ತಿರುಗಬೇಕು.

ಕೆಂಪು ದೀಪದ ಬಗ್ಗೆ ಕಾರಿನ ಒಡೆಯರಲ್ಲಿ ಒಂದು ತಪ್ಪು ನಂಬಿಕೆಯಿದೆ. ಅದರಿಂದ ಆಗುವ ನಷ್ಟ ದೊಡ್ಡದು. ದೀಪ ಹತ್ತುವವರೆಗೆ ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. ಆ ಸ್ವಿಚ್ ಸಾಮಾನ್ಯವಾಗಿ 0.2ರಿಂದ 0.5 ಬಾರ್‌ಗಿಂತ ಕೆಳಗಿಳಿದಾಗ ಮಾತ್ರ ದೀಪ ಹೊತ್ತಿಸುತ್ತದೆ. ಹೆದ್ದಾರಿಯಲ್ಲಿ ನಾಲ್ಕು ಬಾರ್ ಇರಬೇಕಾದಲ್ಲಿ ಒಂದೇ ಬಾರ್ ಇದ್ದರೂ ದೀಪ ಸುಮ್ಮನಿರುತ್ತದೆ. ಹೆದ್ದಾರಿ ವೇಗದಲ್ಲಿ ದೀಪ ಹತ್ತಿದರೆ ಕಾರನ್ನು ಬದಿಗೆ ತಂದು ಆ ಕ್ಷಣವೇ ಎಂಜಿನ್ ನಿಲ್ಲಿಸಬೇಕು. ಮುಂದಿನ ಪೆಟ್ರೋಲ್ ಬಂಕ್‌ವರೆಗೆ ಓಡಿಸೋಣ ಎಂಬ ಯೋಚನೆಯೇ ಬೇಡ. ಡ್ಯಾಶ್‌ಬೋರ್ಡಿನಲ್ಲಿ ಮುಳ್ಳಿದ್ದರೂ ಎಲ್ಲ ಕಾರುಗಳಲ್ಲೂ ಅದನ್ನು ನಂಬುವಂತಿಲ್ಲ. ಕೆಲವು ಕಂಪನಿಗಳು ಮುಳ್ಳಿನ ಹಿಂದೆ ಬರೀ ಸ್ವಿಚ್ ಇಟ್ಟಿದ್ದವು; 1995ರ ನಂತರದ ಮಾಜ್ದಾ ಮಿಯಾಟ ಇದಕ್ಕೆ ಹೆಸರಾದದ್ದು. ಕನಿಷ್ಠ ಒತ್ತಡ ಬಂದೊಡನೆ ಮುಳ್ಳು ಮಧ್ಯಕ್ಕೆ ಬಂದು ಅಲ್ಲೇ ನಿಲ್ಲುತ್ತದೆ.

ಆದ್ದರಿಂದ ಆಯಿಲ್ ಸ್ವಿಚ್ ಬಿಚ್ಚಿ ಅದೇ ತೂತಿಗೆ ಮೆಕ್ಯಾನಿಕಲ್ ಮೀಟರ್ ಜೋಡಿಸಬೇಕು. ಮೀಟರ್ ದುಬಾರಿಯಲ್ಲ, ಕೆಲಸ ಅರ್ಧ ಗಂಟೆಯದು. ಹೀಗಿದ್ದೂ ಪಂಪ್ ಬದಲಿಸಿದ ಎಷ್ಟೋ ಬಿಲ್ಲುಗಳಲ್ಲಿ ಈ ಅಳತೆಯ ಸುಳಿವೇ ಇರುವುದಿಲ್ಲ. ಮೀಟರಿನಲ್ಲಿ ಒತ್ತಡ ಸರಿ ಬಂದರೆ ಕೆಟ್ಟದ್ದು ಸ್ವಿಚ್ಚೋ ವೈರೋ ಎಂದು ಅಲ್ಲಿಗೇ ಮುಗಿಯಿತು. ಅಳತೆ ಎರಡು ಸಲ ಆಗಬೇಕು, ಎಂಜಿನ್ ತಣ್ಣಗಿದ್ದಾಗ ಒಮ್ಮೆ, ಇಪ್ಪತ್ತು ನಿಮಿಷ ಓಡಿಸಿ ಎಣ್ಣೆ ಚೆನ್ನಾಗಿ ಬಿಸಿಯಾದ ಮೇಲೆ ಇನ್ನೊಮ್ಮೆ. ನೀರಿನ ಉಷ್ಣತೆಯ ಮುಳ್ಳು ಮಧ್ಯಕ್ಕೆ ಬಂದರೆ ಎಣ್ಣೆಯೂ ಬಿಸಿಯಾಯಿತೆಂದಲ್ಲ, ಎಣ್ಣೆ ನಿಧಾನ. ಹಳೆಯ ಮಾದರಿಯ ಎಂಜಿನ್‌ಗಳಿಗೆ ಪ್ರತಿ 1,000 ಆರ್‌ಪಿಎಂಗೆ ಕನಿಷ್ಠ 10 ಪಿಎಸ್‌ಐ ಎಂಬ ಒರಟು ಲೆಕ್ಕವಿದೆ. ಬಿಸಿ ಐಡಲ್‌ನಲ್ಲಿ ಒಂದು ಬಾರ್ ಸುತ್ತಮುತ್ತ, 3,000ದಲ್ಲಿ ಮೂರರಿಂದ ನಾಲ್ಕು ಬಾರ್ ಸಿಕ್ಕರೆ ಚಿಂತೆಯಿಲ್ಲ.

ಒಂದು ಅಂಕಿಗಿಂತ ಮುಳ್ಳಿನ ನಡೆಯೇ ಹೆಚ್ಚು ಹೇಳುತ್ತದೆ. ತಣ್ಣಗಿದ್ದಾಗ ಚೆನ್ನಾಗಿದ್ದು, ಬಿಸಿ ಐಡಲ್‌ನಲ್ಲಿ ಬಿದ್ದು, ಆಕ್ಸಿಲರೇಟರ್ ಒತ್ತಿದರೆ ಮತ್ತೆ ಏರಿದರೆ ಬೇರಿಂಗ್ ಸಂದು ಅಗಲವಾಗಿದೆ ಅಥವಾ ಎಣ್ಣೆ ತೆಳುವಾಗಿದೆ. ತಣ್ಣಗೂ ಬಿಸಿಗೂ, ಯಾವ ವೇಗಕ್ಕೂ ಏರದಿದ್ದರೆ ರಿಲೀಫ್ ವಾಲ್ವ್ ತೆರೆದೇ ನಿಂತಿದೆ, ಇಲ್ಲವೆ ಪಂಪ್ ನಿಜಕ್ಕೂ ಸವೆದಿದೆ. ಐಡಲ್‌ನಲ್ಲಿ ಸರಿಯಿದ್ದು ವೇಗ ಹೆಚ್ಚಿದಂತೆ ಒತ್ತಡ ಇಳಿದರೆ ಅಥವಾ ಮುಳ್ಳು ನಡುಗಿದರೆ ಸ್ಟ್ರೇನರ್ ಕಟ್ಟಿದೆ, ಇಲ್ಲವೆ ಗಾಳಿ ಎಳೆಯುತ್ತಿದೆ. ಗಾಳಿಯ ಅನುಮಾನಕ್ಕೆ ಜನರಲ್ ಮೋಟಾರ್ಸ್‌ನ ಎಲ್‌ಎಸ್ ವಿ-8 ಎಂಜಿನ್‌ಗಳನ್ನು ಬಲ್ಲವರು ಒಂದು ಉಪಾಯ ಬಳಸುತ್ತಾರೆ: ಸ್ವಲ್ಪ ಹೊತ್ತಿಗೆಂದು ಲೀಟರಿನಷ್ಟು ಎಣ್ಣೆ ಹೆಚ್ಚಿಗೆ ಹಾಕಿ ಓ-ರಿಂಗ್ ಮುಳುಗುವಂತೆ ಮಾಡಿ ಮತ್ತೆ ಮೀಟರ್ ನೋಡುವುದು. ಒತ್ತಡ ಏರಿದರೆ ದೋಷ ಅಲ್ಲೇ. ಪರೀಕ್ಷೆ ಮುಗಿದ ಕೂಡಲೇ ಹೆಚ್ಚಿನ ಎಣ್ಣೆ ತೆಗೆಯಬೇಕು. ಸ್ಟಾರ್ಟ್ ಆದ ಒಂದೆರಡು ಸೆಕೆಂಡು ಮಾತ್ರ ಒತ್ತಡವಿಲ್ಲದೆ ಟಕಟಕ ಎಂದರೆ ರಾತ್ರಿ ಎಣ್ಣೆ ಕೆಳಗಿಳಿಯದಂತೆ ತಡೆಯುವ ಫಿಲ್ಟರಿನ ರಬ್ಬರ್ ವಾಲ್ವ್ ಕೆಲಸ ಮಾಡುತ್ತಿಲ್ಲ. ಒಳ್ಳೆಯ ಫಿಲ್ಟರ್ ಹಾಕಿ ನೋಡುವುದು ಅಗ್ಗದ ಪರೀಕ್ಷೆ.

ಶಬ್ದ

ಬೇರಿಂಗಿನ ಶಬ್ದ ಟ್ಯಾಪೆಟ್ ಶಬ್ದದಂತೆ ತೆಳುವಲ್ಲ. ಟ್ಯಾಪೆಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ, ಮೇಲಿನಿಂದ, ಟಿಕ್ ಟಿಕ್ ಎನ್ನುತ್ತದೆ. ಬಿಗ್ ಎಂಡ್ ಬೇರಿಂಗ್ ಹೋದರೆ ಕೆಳಗಿನಿಂದ ಗಟ್ಟಿಯಾಗಿ ಬಡಿದಂತೆ ಕೇಳುತ್ತದೆ, ಅದೂ 2,000ದಿಂದ 3,000 ಆರ್‌ಪಿಎಂ ನಡುವೆ ಆಕ್ಸಿಲರೇಟರ್ ಮೆಲ್ಲಗೆ ಬಿಡುವಾಗ ಹೆಚ್ಚು ಸ್ಪಷ್ಟ. ಹೊರೆ ಬಿದ್ದಾಗ ಒಂದೇ ಕಡೆ ಒತ್ತಿಕೊಂಡಿದ್ದ ರಾಡ್, ಹೊರೆ ಕಳೆದಾಗ ಸಂದಿನಲ್ಲಿ ಅತ್ತಿತ್ತ ಬಡಿದಾಡುತ್ತದೆ. ಮೇನ್ ಬೇರಿಂಗಿನದು ಮಂದ ಗುದ್ದು, ಏರಿನಲ್ಲಿ ಎಳೆಯುವಾಗ ಕಾಲಿಗೆ ತಟ್ಟುವಂಥದ್ದು. ಕ್ಲಚ್ ಒತ್ತಿದಾಗ ಶಬ್ದ ಬದಲಾದರೆ ಕ್ರ್ಯಾಂಕಿನ ಹಿಂದು-ಮುಂದಿನ ಆಟ ತಡೆಯುವ ಥ್ರಸ್ಟ್ ವಾಶರ್ ಸವೆದಿದೆ, ಅಥವಾ ಕ್ಲಚ್ ಬೇರಿಂಗ್ ಹೋಗಿದೆ. ತಣ್ಣಗಿದ್ದಾಗ ಕೇಳಿ ಬಿಸಿಯಾದಂತೆ ಕಡಿಮೆಯಾಗುವ ಬಡಿತ ಹೆಚ್ಚಾಗಿ ಪಿಸ್ಟನ್ನಿನದು. ಬೇರಿಂಗಿನದು ಬಿಸಿಯಾದಂತೆ ಜೋರಾಗುತ್ತದೆ.

ಯಾವ ಸಿಲಿಂಡರ್ ಎಂದು ತಿಳಿಯಲು ಒಂದೊಂದೇ ಸಿಲಿಂಡರನ್ನು ನಿಲ್ಲಿಸಿ ಕೇಳುತ್ತಾರೆ. ಉರಿತ ನಿಂತ ಸಿಲಿಂಡರಿನ ರಾಡ್‌ಗೆ ಪೆಟ್ಟು ತಪ್ಪುವುದರಿಂದ ಬಡಿತ ತಗ್ಗುತ್ತದೆ ಅಥವಾ ಅದರ ಲಯ ಬದಲಾಗುತ್ತದೆ. ಹಳೆಯ ಕಾರಿನಲ್ಲಿ ಪ್ಲಗ್ ವೈರ್ ಎಳೆಯುತ್ತಿದ್ದರು. ಈಗಿನ ಕಾರಿನಲ್ಲಿ ಇಂಜೆಕ್ಟರಿನ ಕನೆಕ್ಟರ್ ತೆಗೆಯಬೇಕು. ಕಾಯಿಲ್ ಮಾತ್ರ ತೆಗೆದರೆ ಉರಿಯದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ಕಾಮನ್ ರೈಲ್ ಡೀಸೆಲ್‌ನಲ್ಲಿ ಹಳೆಯ ಪದ್ಧತಿಯಂತೆ ಇಂಧನದ ಪೈಪಿನ ನಟ್ ಸಡಿಲಿಸುವುದು ಪ್ರಾಣಕ್ಕೆ ಅಪಾಯ. ಅಲ್ಲಿ ಸಾವಿರ ಬಾರ್ ದಾಟಿದ ಒತ್ತಡವಿರುತ್ತದೆ. ಸೂಜಿಯಂಥ ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ.

ಕಿವಿಗೆ ಮೆಕ್ಯಾನಿಕ್ ಸ್ಟೆತಾಸ್ಕೋಪ್ ಇದ್ದರೆ ಒಳ್ಳೆಯದು, ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಬಳಿ ಒತ್ತಿಕೊಂಡರೂ ಆಗುತ್ತದೆ. ಆದರೂ ಲೋಹದ ಮೈಯಲ್ಲಿ ಶಬ್ದ ಓಡಾಡುತ್ತದೆ. ಶಬ್ದವನ್ನೊಂದೇ ನಂಬಿ ಎಂಜಿನ್ ಇಳಿಸುವುದು ದುಡುಕು.

ಫಿಲ್ಟರಿನೊಳಗೆ

ಬಿಚ್ಚದೆಯೇ ಬೇರಿಂಗಿನ ಸ್ಥಿತಿ ತಿಳಿಯಲು ಫಿಲ್ಟರಿನಷ್ಟು ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಅದನ್ನು ಫಿಲ್ಟರ್ ಕಟ್ಟರಿನಿಂದ ಕತ್ತರಿಸಬೇಕು. ಗರಗಸದಿಂದ ಕೊಯ್ದರೆ ಗರಗಸದ ಪುಡಿಯೇ ಒಳಗೆ ಸೇರಿ ಸಾಕ್ಷಿ ಕೆಡುತ್ತದೆ. ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ, ಎಣ್ಣೆ ಹಿಂಡಿ, ಬಿಸಿಲಿಗೆ ಓರೆಯಾಗಿ ಹಿಡಿದರೆ ಲೋಹ ಇದ್ದಲ್ಲಿ ಮಿನುಗುತ್ತದೆ. ಒಂದೆರಡು ಕಣ ಎಲ್ಲ ಎಂಜಿನ್ನಿನಲ್ಲೂ ಇರುತ್ತದೆ. ಮಡಿಕೆ ಮಡಿಕೆಗೂ ಹೊಳಪು ಕಂಡರೆ ಕಾಗದದ ಕೆಳಗೆ ಮ್ಯಾಗ್ನೆಟ್ ಆಡಿಸಬೇಕು. ಎದ್ದುಬಂದ ಚೂರು ಉಕ್ಕು ಅಥವಾ ಬೀಡು: ಕ್ರ್ಯಾಂಕ್, ಕ್ಯಾಮ್, ಚೈನ್, ಪಂಪಿನ ಗೇರು, ರಿಂಗ್. ಅಲುಗದೆ ಉಳಿದ ಬಿಳಿ ಹೊಳಪು ಅಲ್ಯುಮಿನಿಯಂ ಅಥವಾ ತವರದ ಪದರ. ತಾಮ್ರದ ಬಣ್ಣ ಕಂಡರೆ ಬೇರಿಂಗಿನ ಮೇಲ್ಪದರ ಮುಗಿದು ಒಳಪದರ ಉದುರತೊಡಗಿದೆ. ಅಂಥ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡದೆ ಟೋ ಮಾಡಿಸುವುದೇ ಸರಿ, ಏಕೆಂದರೆ ಆ ಹಂತದಲ್ಲಿ ಶೆಲ್ ಹೋಗುತ್ತಿದ್ದರೂ ಕ್ರ್ಯಾಂಕ್ ಶಾಫ್ಟ್ ಉಳಿಸಿಕೊಳ್ಳುವ ಅವಕಾಶ ಇನ್ನೂ ಇರಬಹುದು.

ಕಣ್ಣಿಗೆ ಕಾಣದ ಸವೆತಕ್ಕೆ ಪ್ರಯೋಗಾಲಯದ ಎಣ್ಣೆ ಪರೀಕ್ಷೆ ಇದೆ. ಅಮೆರಿಕದ ರೈಲ್ವೆಗಳು 1940ರ ದಶಕದಲ್ಲಿ ಡೀಸೆಲ್ ಲೋಕೊಮೋಟಿವ್‌ಗಳಿಗಾಗಿ ಬೆಳೆಸಿದ ಪದ್ಧತಿ ಇದು. ಎಣ್ಣೆಯಲ್ಲಿ ಕಬ್ಬಿಣ, ತಾಮ್ರ, ಸೀಸ, ತವರ, ಅಲ್ಯುಮಿನಿಯಂ ದಶಲಕ್ಷಕ್ಕೆ ಎಷ್ಟು ಭಾಗ ಇವೆ ಎಂದು ಹೇಳುತ್ತದೆ. ಸೀಸ ಮತ್ತು ತಾಮ್ರ ಜೊತೆಯಾಗಿ ಏರಿದರೆ ಬೇರಿಂಗ್, ಸಿಲಿಕಾನ್ ಏರಿದರೆ ಏರ್ ಫಿಲ್ಟರ್ ದಾಟಿ ಬಂದ ಧೂಳು, ಸೋಡಿಯಂ ಅಥವಾ ಪೊಟ್ಯಾಸಿಯಂ ಏರಿದರೆ ಕೂಲಂಟ್. ಒಂದೇ ವರದಿಯಿಂದ ಹೆಚ್ಚೇನೂ ತಿಳಿಯದು, ಎರಡು ಮೂರು ಆಯಿಲ್ ಬದಲಾವಣೆಗಳ ವರದಿ ಪಕ್ಕಪಕ್ಕ ಇಟ್ಟು ಏರುಗತಿ ನೋಡಬೇಕು. ದೊಡ್ಡ ಚೂರುಗಳು ಈ ಪರೀಕ್ಷೆಗೆ ಸಿಕ್ಕುವುದಿಲ್ಲ. ಬೇರಿಂಗ್ ಒಮ್ಮೆಲೇ ಕಿತ್ತುಬರುತ್ತಿರುವಾಗಲೂ ವರದಿ ಚೆನ್ನಾಗಿಯೇ ಬರಬಹುದು, ಹಾಗಾಗಿ ಫಿಲ್ಟರ್ ಕತ್ತರಿಸುವುದನ್ನು ಬಿಡಬಾರದು.

ಬಿಚ್ಚಿದ ಶೆಲ್ ಏನು ಹೇಳುತ್ತದೆ

ಸಂಪು ಇಳಿಸಿದರೆ ಎಷ್ಟೋ ಎಂಜಿನ್‌ಗಳಲ್ಲಿ ಬಿಗ್ ಎಂಡ್ ಕ್ಯಾಪ್ ಬಿಚ್ಚಲು ಬರುತ್ತದೆ, ಎಂಜಿನ್ ಇಳಿಸಬೇಕಿಲ್ಲ. ಕೈಗೆ ಬರುವ ಶೆಲ್ ಒಂದೂವರೆ ಎರಡು ಮಿ.ಮೀ. ದಪ್ಪದ ಅರ್ಧ ಬಳೆ. ಬೆನ್ನು ಉಕ್ಕು, ಅದರ ಮೇಲೆ ತಾಮ್ರ ಮಿಶ್ರಲೋಹ, ಎಲ್ಲಕ್ಕೂ ಮೇಲೆ ಸುಮಾರು 0.02 ಮಿ.ಮೀ. ದಪ್ಪದ ಮೃದು ಪದರ. ಈ ಮೃದು ಲೋಹದ ಕಲ್ಪನೆ ಹಳೆಯದು, ಅಮೆರಿಕದ ಐಸಾಕ್ ಬ್ಯಾಬಿಟ್ 1839ರಲ್ಲಿ ಪೇಟೆಂಟ್ ಪಡೆದ ತವರ ಪ್ರಧಾನ ಮಿಶ್ರಲೋಹದಿಂದ ಬಂದದ್ದು. ಒಳಗೆ ಬಂದ ಕಸವನ್ನು ತನ್ನೊಳಗೆ ಹುದುಗಿಸಿಕೊಂಡು ಶಾಫ್ಟನ್ನು ಕಾಯುವುದು ಅದರ ಗುಣ. ಅಗ್ಗದ ಎಂಜಿನ್‌ಗಳಲ್ಲಿ ಉಕ್ಕಿನ ಮೇಲೆ ತವರ ಸೇರಿದ ಅಲ್ಯುಮಿನಿಯಂ ಪದರ ಮಾತ್ರ ಇರುತ್ತದೆ. ಹಳೆಯ ವಾಹನಗಳ ವಿಲೇವಾರಿ ಬಗ್ಗೆ 2000ದಲ್ಲಿ ಬಂದ ಯುರೋಪಿನ ನಿರ್ದೇಶನದ ನಂತರ ಸೀಸ ಕ್ರಮೇಣ ಹೊರಬಿತ್ತು. ಬಂದ ಹೊಸ ಪದರಗಳು ಗಟ್ಟಿ, ಕಸವನ್ನು ಹಿಂದಿನಷ್ಟು ಸೈರಿಸುವುದಿಲ್ಲ.

ಸರಿಯಾಗಿ ಓಡಿದ ಶೆಲ್ ಮಂದ ಬೂದು ಬಣ್ಣದ್ದು, ಮಧ್ಯದಲ್ಲಿ ಸಮನಾದ ನುಣುಪು. ಸುತ್ತಲೂ ಗೆರೆ ಗೀಚಿದ್ದರೆ ಎಣ್ಣೆಯಲ್ಲಿ ಕಸ. ಒದ್ದೆ ಮಣ್ಣು ಒರೆಸಿದಂತೆ ಲೋಹ ಸವರಿಹೋಗಿ, ಬೆನ್ನು ಶಾಖಕ್ಕೆ ನೀಲಿಯಾಗಿದ್ದರೆ ಎಣ್ಣೆ ಸಿಕ್ಕಿಲ್ಲ. ಎಲ್ಲ ಶೆಲ್‌ಗಳೂ ಹೀಗಿದ್ದರೆ ಪಂಪಿನ ಕಡೆ ತಿರುಗಬೇಕು. ಒಂದೇ ಒಂದು ಹೀಗಿದ್ದರೆ ಆ ಜರ್ನಲಿನ ಎಣ್ಣೆ ತೂತನ್ನು ತಂತಿ ಹಾಕಿ ನೋಡಬೇಕು. ಪಂಪ್ ದೋಷವನ್ನೂ ಬೇರಿಂಗ್ ದೋಷವನ್ನೂ ಬೇರ್ಪಡಿಸಲು ಇದಕ್ಕಿಂತ ನೇರವಾದ ಪುರಾವೆ ಇಲ್ಲ. ಒಣಗಿದ ಕೆರೆಯಂಗಳದಂಥ ಬಿರುಕುಗಳು ಕಂಡು ಅಲ್ಲಲ್ಲಿ ಚಕ್ಕೆ ಎದ್ದಿದ್ದರೆ ಅದು ಲೋಹದ ದಣಿವು, ಹೊರೆ ಮಿತಿ ಮೀರಿದ ಗುರುತು. ಬೇಕಾಬಿಟ್ಟಿ ರೀಮ್ಯಾಪ್ ಮಾಡಿಸಿದ ಟರ್ಬೊ ಕಾರುಗಳಲ್ಲಿ ಕಾಣುವಂಥದ್ದು. ಸವೆತ ಒಂದು ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿದ್ದರೆ ರಾಡ್ ಬಾಗಿದೆ. ಮಳೆಗಾಲದಲ್ಲಿ ಬೆಂಗಳೂರಿನ ಕೆಳಸೇತುವೆಗಳಲ್ಲಿ ನಿಂತ ನೀರಿಗೆ ಕಾರು ನುಗ್ಗಿಸಿದವರಿಗೆ ಇದು ತಿಳಿದಿರಬೇಕು. ಏರ್ ಫಿಲ್ಟರಿನ ದಾರಿಯಲ್ಲಿ ಸಿಲಿಂಡರಿಗೆ ಸೇರಿದ ನೀರು ಕುಗ್ಗುವುದಿಲ್ಲ, ರಾಡ್ ಬಾಗುತ್ತದೆ. ಒಣಗಿಸಿ ಸ್ಟಾರ್ಟ್ ಮಾಡಿದರೆ ಎಂಜಿನ್ ಓಡುತ್ತದೆ, ಬೇರಿಂಗ್ ತಿಂಗಳುಗಟ್ಟಲೆ ಸವೆದ ಮೇಲೆ ಬಡಿತ ಶುರುವಾಗುತ್ತದೆ, ಆಗ ಮಳೆಯ ನೆನಪು ಯಾರಿಗೂ ಇರುವುದಿಲ್ಲ.

ಸಂದು ಅಳೆಯಲು ಪ್ಲಾಸ್ಟಿಗೇಜ್ ಎಂಬ ಮೃದು ಎಳೆಯಿದೆ. ಜರ್ನಲಿನ ಎಣ್ಣೆ ಒರೆಸಿ, ಎಳೆ ಇಟ್ಟು, ಕ್ಯಾಪನ್ನು ಪೂರ್ತಿ ಟಾರ್ಕ್‌ಗೆ ಬಿಗಿದು, ಕ್ರ್ಯಾಂಕ್ ತಿರುಗಿಸದೆ ಮತ್ತೆ ಬಿಚ್ಚಿದರೆ ಎಳೆ ಚಪ್ಪಟೆಯಾಗಿರುತ್ತದೆ. ಅಗಲವನ್ನು ಪೊಟ್ಟಣದ ಮೇಲಿನ ಗುರುತಿಗೆ ಹೋಲಿಸಿ ಸಂದು ಓದಬಹುದು. ಇದು ಅಂದಾಜಿಗೆ ಸಾಕು. ಜರ್ನಲ್ ಮೊಟ್ಟೆಯಾಕಾರಕ್ಕೆ ಸವೆದಿದೆಯೇ ಎಂಬುದಕ್ಕೆ ಮೈಕ್ರೋಮೀಟರೇ ಬೇಕು.

ಹೆಸರಾದ ಪ್ರಕರಣಗಳು

ಕೆಲವು ಎಂಜಿನ್‌ಗಳ ಕಾಯಿಲೆ ಜಗತ್ತಿಗೆಲ್ಲ ಗೊತ್ತು, ಅಲ್ಲಿ ಹುಡುಕಾಟ ಅರ್ಧ ಮುಗಿದಂತೆಯೇ. ಫೋಕ್ಸ್‌ವ್ಯಾಗನ್ ಬಳಗದ ಬ್ಯಾಲೆನ್ಸ್ ಶಾಫ್ಟ್ ಇರುವ 2.0 ಲೀಟರ್ ಟಿಡಿಐ ಎಂಜಿನ್‌ಗಳಲ್ಲಿ ಪಂಪನ್ನು ತಿರುಗಿಸುವುದು ಬೆರಳುದ್ದದ ಆರುಮೂಲೆಯ ಸಣ್ಣ ಶಾಫ್ಟ್. ಅದರ ಮೂಲೆಗಳು ಸವೆದು ದುಂಡಾದ ದಿನ ಪಂಪ್ ನಿಂತುಹೋಗುತ್ತದೆ, ಜೊತೆಗೆ ಟರ್ಬೊ ಹೋಗುತ್ತದೆ. ಪಂಪಿನ ಗೇರುಗಳಿಗೆ ಏನೂ ಆಗಿರುವುದಿಲ್ಲ. ಸಾಬ್ 9-3, 9-5 ಕಾರುಗಳ ಎಂಜಿನ್‌ಗಳಲ್ಲಿ ಸ್ಟ್ರೇನರ್ ಕರಿಯಿಂದ ಕಟ್ಟುವುದು ಎಷ್ಟು ಸಾಮಾನ್ಯವಾಯಿತೆಂದರೆ ಸಂಪು ಇಳಿಸಿ ನೋಡದೆ ಅವನ್ನು ಕೊಳ್ಳಬಾರದೆಂಬ ಮಾತೇ ಹುಟ್ಟಿತು. ಹುಂಡೈ 2015ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ 2011–12ರ ಸುಮಾರು 4.7 ಲಕ್ಷ ಸೊನಾಟ ಕಾರುಗಳನ್ನು ಹಿಂದಕ್ಕೆ ಕರೆಯಿತು. ಕ್ರ್ಯಾಂಕ್ ಶಾಫ್ಟ್ ಕೊರೆಯುವಾಗ ಉಳಿದ ಲೋಹದ ಪುಡಿ ಎಣ್ಣೆಯ ದಾರಿ ಕಟ್ಟಿ ರಾಡ್ ಬೇರಿಂಗ್ ಸುಡುತ್ತಿತ್ತು. ಆಮೇಲೆ ಕಂಪನಿ ಒಂದು ಸಾಫ್ಟ್‌ವೇರ್ ಸೇರಿಸಿತು: ಪೆಟ್ರೋಲಿನ ಬಡಿತ ಹಿಡಿಯಲು ಮೊದಲೇ ಇದ್ದ ನಾಕ್ ಸೆನ್ಸರಿನಿಂದಲೇ ಬೇರಿಂಗ್ ಸವೆತದ ಕಂಪನವನ್ನು ಗುರುತಿಸಿ, ಎಂಜಿನ್ ವೇಗಕ್ಕೆ ಮಿತಿ ಹಾಕಿ ಎಚ್ಚರಿಸುವುದು. ಬೇರಿಂಗ್ ಹೋಗುವ ಮೊದಲೇ ಕಾರು ತಾನೇ ಹೇಳುವಂತಾದದ್ದು ಈ ಕ್ಷೇತ್ರದಲ್ಲಿ ನಿಜವಾದ ಮುನ್ನಡೆ.

ಎಣ್ಣೆಯಲ್ಲೇ ತೋಯ್ದು ಓಡುವ ರಬ್ಬರ್ ಬೆಲ್ಟುಗಳು ಇನ್ನೊಂದು ಹೊಸ ತೊಂದರೆ ತಂದಿವೆ. ಫೋರ್ಡ್‌ನ 1.0 ಲೀಟರ್ ಇಕೋಬೂಸ್ಟ್‌ನಲ್ಲಿ ಆಯಿಲ್ ಪಂಪನ್ನು ಇಂಥ ಬೆಲ್ಟ್ ತಿರುಗಿಸುತ್ತದೆ. 2023ರ ಕೊನೆಯಲ್ಲಿ ಅಮೆರಿಕದಲ್ಲಿ ಈ ಎಂಜಿನ್ನಿನ ಸುಮಾರು 1.4 ಲಕ್ಷ ಫೋಕಸ್ ಮತ್ತು ಇಕೋಸ್ಪೋರ್ಟ್ ಕಾರುಗಳನ್ನು ಪಂಪ್ ಬೆಲ್ಟಿನ ಟೆನ್ಷನರ್ ದೋಷಕ್ಕಾಗಿ ಕಂಪನಿ ಹಿಂದಕ್ಕೆ ಕರೆಯಿತು. ಪೆಟ್ರೋಲ್ ಬೆರೆತ, ಸಕಾಲಕ್ಕೆ ಬದಲಿಸದ ಎಣ್ಣೆಗೆ ಬೆಲ್ಟ್ ಊದಿ ಎಳೆ ಬಿಡುತ್ತದೆ, ಆ ಎಳೆಗಳು ಸ್ಟ್ರೇನರಿಗೆ ಹೋಗಿ ಕೂರುತ್ತವೆ. ಭಾರತದಲ್ಲಿಯೂ 2013ರಿಂದ ಈ ಎಂಜಿನ್ನಿನ ಇಕೋಸ್ಪೋರ್ಟ್‌ಗಳು ಮಾರಾಟವಾಗಿದ್ದವು. ಅವುಗಳ ಒಡೆಯರು ಆಯಿಲ್ ಮುಚ್ಚಳ ತೆಗೆದು ನೋಡುವುದಕ್ಕಿಂತ ಸಂಪು ಇಳಿಸಿ ಜಾಲರಿ ನೋಡಿಸುವುದು ಒಳ್ಳೆಯದು.

ದುರಸ್ತಿ

ಜರ್ನಲ್ ನುಣುಪಾಗಿದ್ದು ಅಳತೆ ಸರಿಯಿದ್ದರೆ ಶೆಲ್ ಮಾತ್ರ ಬದಲಿಸಬಹುದು. ಗೀಚಿದ್ದರೆ ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಿ 0.25 ಅಥವಾ 0.50 ಮಿ.ಮೀ. ಅಂಡರ್‌ಸೈಜ್ ಶೆಲ್ ಹಾಕುತ್ತಾರೆ, ಹಳಬರ ಮಾತಿನಲ್ಲಿ ಹತ್ತು ಥೌ, ಇಪ್ಪತ್ತು ಥೌ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಮಾರುತಿಗೆ ಇವು ಕೇಳಿದೊಡನೆ ಸಿಗುತ್ತವೆ. ಕೆಲವು ಯುರೋಪಿನ ಕಾರುಗಳಿಗೆ ಅಂಡರ್‌ಸೈಜ್ ತಯಾರಾಗುವುದೇ ಇಲ್ಲ, ಕ್ರ್ಯಾಂಕ್ ಬದಲಿಸಬೇಕು. ನೈಟ್ರೈಡ್ ಮಾಡಿದ ಕ್ರ್ಯಾಂಕಿನ ಗಡಸು ಪದರ ಗ್ರೈಂಡಿಂಗಿನಲ್ಲಿ ಹೋಗಿಬಿಡಬಹುದು, ಲೇತಿಗೆ ಕೊಡುವ ಮುನ್ನ ವಿಚಾರಿಸಬೇಕು. ಶೆಲ್ ಗೂಡಿನಲ್ಲೇ ತಿರುಗಿಬಿಟ್ಟಿದ್ದರೆ ರಾಡನ್ನೂ ಉಳಿಸಿಕೊಳ್ಳುವುದು ಸರಿಯಲ್ಲ. ಒಮ್ಮೆ ಲೋಹದ ಪುಡಿ ಹರಡಿದ ಎಂಜಿನ್ನಿನಲ್ಲಿ ಆಯಿಲ್ ಕೂಲರ್ ತೊಳೆದು ಮತ್ತೆ ಹಾಕುವ ಉಳಿತಾಯ ಬೇಡ, ಅದರ ಇಕ್ಕಟ್ಟಿನ ದಾರಿಗಳಿಂದ ಪುಡಿ ಪೂರ್ತಿ ಹೊರಬರುವುದೇ ಇಲ್ಲ.

ಗಾಢ ಎಣ್ಣೆ ಹಾಕಿ ಒತ್ತಡ ಏರಿಸುವುದು ದುರಸ್ತಿಯಲ್ಲ. ಹಳೆಯ ಕಾರು ಮಾರುವವರು ದೀಪ ಆರಿಸಲು, ಬಡಿತ ಅಡಗಿಸಲು ಇದನ್ನು ಮಾಡುತ್ತಾರೆ. ಕೊಳ್ಳುವವರು ಎಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ಅರ್ಧ ಗಂಟೆ ಓಡಿಸಿ, ಆಮೇಲೆ ಐಡಲ್‌ನಲ್ಲಿ ನಿಲ್ಲಿಸಿ ಕೇಳಬೇಕು.

ಜೋಡಿಸಿದ ಮೇಲೆ ಹೊಸ ಪಂಪಿನ ಗೇರುಗಳ ನಡುವೆ ವ್ಯಾಸಲೀನ್ ತುಂಬಿದರೆ ಮೊದಲ ಸುತ್ತಿನಲ್ಲೇ ಎಣ್ಣೆ ಹೀರಿಕೊಳ್ಳುತ್ತದೆ. ಇಂಜೆಕ್ಟರ್ ಕನೆಕ್ಟರ್ ತೆಗೆದು, ಎಂಜಿನ್ ಉರಿಯದಂತೆ, ದೀಪ ಆರುವವರೆಗೆ ಬಿಟ್ಟುಬಿಟ್ಟು ಸ್ಟಾರ್ಟರ್ ತಿರುಗಿಸಿ, ಆಮೇಲಷ್ಟೇ ಸ್ಟಾರ್ಟ್ ಮಾಡಬೇಕು. ಮೆಕ್ಯಾನಿಕಲ್ ಮೀಟರ್ ತೆಗೆಯುವ ಮುನ್ನ ಬಿಸಿ ಐಡಲ್ ಮತ್ತು 3,000 ಆರ್‌ಪಿಎಂನ ಒತ್ತಡವನ್ನು ಸರ್ವೀಸ್ ಪುಸ್ತಕದಲ್ಲಿ ಕಿಲೋಮೀಟರ್ ಸಹಿತ ಬರೆದಿಟ್ಟರೆ, ಮುಂದೆ ಅನುಮಾನ ಬಂದಾಗ ಹೋಲಿಸಲು ಆ ಎಂಜಿನ್ನಿನದೇ ಅಂಕಿ ಸಿಗುತ್ತದೆ.